ಚೀಟಿ ಬರೆಸುವ ಕಿಟಕಿ ದಾಟಿ ಒಳಗೆ ಹೋಗು

ಪ್ರಶ್ನೆ

ಅಕ್ಕ,

ನಾನು ಸೊರಬ ತಾಲ್ಲೂಕಿನ ಒಂದು ಹಳ್ಳಿಯವಳು. ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ, ವಯಸ್ಸು 17. ಒಂದು ವರ್ಷದಿಂದ ನನಗೆ ಮುಟ್ಟು ಸರಿಯಾಗಿ ಆಗುತ್ತಿಲ್ಲ. ಶುರುವಾಯಿತೆಂದರೆ ಒಂಬತ್ತು ಹತ್ತು ದಿನ ನಿಲ್ಲುವುದೇ ಇಲ್ಲ. ಮೊದಲ ಮೂರು ದಿನ ಗಂಟೆಗೊಂದು ಪ್ಯಾಡ್ ಬೇಕು. ನಮ್ಮ ಕಾಲೇಜಿನ ಶೌಚಾಲಯದಲ್ಲಿ ಎಷ್ಟೋ ದಿನ ನೀರೇ ಇರುವುದಿಲ್ಲ, ಅದಕ್ಕೆ ರಜೆ ಹಾಕುತ್ತೇನೆ. ಮೆಟ್ಟಿಲು ಹತ್ತಿದರೆ ಏದುಸಿರು. ಹೋದ ತಿಂಗಳು ಪ್ರಾಕ್ಟಿಕಲ್ ಮಾಡುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಮಾರಿಜಾತ್ರೆ ಹೊತ್ತಿಗೆ ಹೊರಗಾಗಬಾರದು ಅಂತ ದೊಡ್ಡಮ್ಮ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ಕೊಟ್ಟಿದ್ದರು. ಅದಾದ ಮೇಲೆ ಇನ್ನೂ ಜಾಸ್ತಿಯಾಗಿದೆ.

ಅಮ್ಮನಿಗೆ ಹೇಳಿದರೆ ‘ಈ ವಯಸ್ಸಲ್ಲಿ ಎಲ್ಲರಿಗೂ ಹಾಗೇ, ಮದುವೆ ಆದಮೇಲೆ ಸರಿಹೋಗುತ್ತೆ’ ಅನ್ನುತ್ತಾರೆ. ಆಸ್ಪತ್ರೆಗೆ ಹೋಗೋಣ ಅಂದರೆ ಅಲ್ಲಿ ಚೀಟಿ ಬರೆಯುವವರು ಅಪ್ಪನಿಗೆ ಪರಿಚಯ, ನರ್ಸ್ ಅಮ್ಮನ ತವರಿನ ಕಡೆಯವರು. ಮದುವೆಯಾಗದ ಹುಡುಗಿ ಹೆಂಗಸರ ಡಾಕ್ಟರ ಹತ್ತಿರ ಹೋದರೆ ಊರಲ್ಲಿ ಏನಂತಾರೆ ಅಂತ ನಿಮಗೂ ಗೊತ್ತು. ನಮ್ಮ ಸೀನಿಯರ್ ಒಬ್ಬಳು ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದ್ದಕ್ಕೇ ಅವಳ ಮೇಲೆ ಏನೇನೋ ಹುಟ್ಟಿಸಿದರು. ನಾನೊಬ್ಬಳೇ ಹೋದರೆ ನೋಡುತ್ತಾರಾ? ಮನೆಗೆ ಫೋನ್ ಮಾಡುತ್ತಾರಾ? ಒಳಪರೀಕ್ಷೆ ಮಾಡುತ್ತಾರಾ? ರಾತ್ರಿ ನಿದ್ದೆ ಬರುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ.

ಇನ್ನೊಂದು ವಿಷಯ ಅಕ್ಕ. ನನ್ನ ಗೆಳತಿಗೆ ಒಂದೂವರೆ ತಿಂಗಳಿಂದ ಆಗಿಲ್ಲ. ಅವಳಿಗೂ ನನ್ನದೇ ವಯಸ್ಸು. ಒಬ್ಬ ಹುಡುಗ ಇದ್ದಾನೆ. ಅವನು ಮಾತ್ರೆ ತರಿಸಿಕೊಡುತ್ತೇನೆ ಅಂದಿದ್ದಾನಂತೆ. ಯಾರಿಗೂ ಹೇಳಬಾರದು ಅಂತ ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದಾಳೆ. ದಯವಿಟ್ಟು ನನ್ನ ಹೆಸರು, ಊರು ಹಾಕಬೇಡಿ.

(ಗುರುತು ಸಿಗಬಾರದೆಂದು ಪತ್ರದ ಕೆಲವು ವಿವರಗಳನ್ನು ಬದಲಿಸಿದ್ದೇವೆ.)

ಉತ್ತರ

ತಂಗಿ,

ನಿನ್ನ ಪತ್ರದ ಕೊನೆಯ ಸಾಲುಗಳಿಂದಲೇ ಶುರು ಮಾಡುತ್ತೇನೆ. ನಿನ್ನ ತೊಂದರೆ ಸಣ್ಣದೆಂದಲ್ಲ. ಗೆಳತಿಯ ವಿಷಯದಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ, ಈ ಸಂಚಿಕೆ ನಿನ್ನ ಕೈಗೆ ಸಿಗುವ ಹೊತ್ತಿಗೆ ಆ ಒಂದೂವರೆ ತಿಂಗಳು ಎರಡು ದಾಟಿರಬಹುದು. ಗೆಳತಿ ಎಂದು ಬರೆದಿದ್ದೀಯ, ಗೆಳತಿ ಎಂದೇ ನಂಬಿ ಉತ್ತರಿಸುತ್ತೇನೆ.

ಆ ಹುಡುಗ ತಂದುಕೊಡುವ ಮಾತ್ರೆಯನ್ನು ಅವಳು ನುಂಗಬಾರದು. ಇದನ್ನು ಓದಿದ ದಿನವೇ ಅವಳಿಗೆ ಹೇಳು. ಗರ್ಭ ತೆಗೆಯುವ ಮಾತ್ರೆಯನ್ನು ವೈದ್ಯರೂ ಕೊಡುತ್ತಾರೆ. ಆದರೆ ಕೊಡುವ ಮುಂಚೆ ಗರ್ಭ ಎಷ್ಟು ವಾರದ್ದು, ಗರ್ಭಕೋಶದಲ್ಲೇ ಇದೆಯೋ ನಾಳದಲ್ಲಿ ನಿಂತಿದೆಯೋ, ಹುಡುಗಿಗೆ ರಕ್ತ ಎಷ್ಟಿದೆ ಎಂದು ನೋಡುತ್ತಾರೆ. ನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಏನೂ ಮಾಡುವುದಿಲ್ಲ, ಮುಂದೆ ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿದು ಜೀವಕ್ಕೆ ಬರುತ್ತದೆ. ಗರ್ಭಕೋಶದಲ್ಲೇ ಇದ್ದರೂ ಅರ್ಧ ಹೋಗಿ ಅರ್ಧ ಉಳಿದು ನಂಜಾಗುವುದುಂಟು. ಮನೆಯವರಿಗೆ ಗೊತ್ತಾಗದಂತೆ ಬಚ್ಚಲಲ್ಲಿ ಕೂತು ರಕ್ತ ಹರಿಸಿಕೊಂಡ ಹುಡುಗಿಯನ್ನು ಆಸ್ಪತ್ರೆಗೆ ಹೊತ್ತು ತರುವ ಹೊತ್ತಿಗೆ ಆಗಬಾರದ್ದು ಆಗಿರುತ್ತದೆ. ಈಗಾಗಲೇ ನುಂಗಿದ್ದರೆ, ಪ್ಯಾಡ್ ಮೇಲೆ ಪ್ಯಾಡ್ ತೊಯ್ಯುತ್ತಿದ್ದರೆ, ಹೊಟ್ಟೆ ವಿಪರೀತ ನೋಯುತ್ತಿದ್ದರೆ, ತಲೆ ಸುತ್ತಿ ಬೀಳುವಂತಾದರೆ ಆಣೆ ಗೀಣೆ ನೋಡಬೇಡ. 108ಕ್ಕೆ ಫೋನ್ ಮಾಡು.

ಹಾಗೆ ಆಗಿಲ್ಲ ಎಂದಾದರೆ ಮೊದಲು ಆಗಬೇಕಾದದ್ದು ಒಂದು ಮೂತ್ರ ಪರೀಕ್ಷೆ. ಮುಟ್ಟು ತಪ್ಪಿದ ಮಾತ್ರಕ್ಕೆ ಬಸಿರು ಎಂದಲ್ಲ, ಪರೀಕ್ಷೆಯ ಭಯಕ್ಕೂ ಥೈರಾಯ್ಡ್ ತೊಂದರೆಗೂ ತಪ್ಪುತ್ತದೆ. ಸರ್ಕಾರದ ‘ನಿಶ್ಚಯ್’ ಕಿಟ್ ಆಶಾ ಕಾರ್ಯಕರ್ತೆಯರ ಹತ್ತಿರ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಊರಿನ ಆಶಾ ಅಕ್ಕನ ಹತ್ತಿರ ಕೇಳಲು ಹೆದರಿಕೆಯಾದರೆ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಬೇಕು.

ಬಸಿರೆಂದು ಗೊತ್ತಾದರೆ ಮುಂದಿನ ದಾರಿಯಲ್ಲಿ ಕಾನೂನಿದೆ. ಅದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನಗೆ ಸರಿಕಾಣುವುದಿಲ್ಲ. 18 ತುಂಬದ ಹುಡುಗಿ ಒಪ್ಪಿದ್ದಳು ಎಂಬ ಮಾತನ್ನು 2012ರ ಪೋಕ್ಸೊ ಕಾಯ್ದೆ ಒಪ್ಪುವುದಿಲ್ಲ. ವಿಷಯ ತಿಳಿದ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ಹುಡುಗನ ಮೇಲೆ ಪ್ರಕರಣ ದಾಖಲಾಗಬಹುದು. ಈ ಹೆದರಿಕೆಗೇ ಎಷ್ಟೋ ಹುಡುಗಿಯರು ಆಸ್ಪತ್ರೆ ಬಿಟ್ಟು ಕದ್ದು ತಂದ ಮಾತ್ರೆಯ ಹಿಂದೆ ಹೋಗುತ್ತಾರೆ. ಸುಪ್ರೀಂ ಕೋರ್ಟ್ ಕೂಡ ಇದನ್ನು ಗಮನಿಸಿ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಒಂದು ದಾರಿ ತೆರೆಯಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತ ಹುಡುಗಿಯೂ ಅವಳ ಪೋಷಕರೂ ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಡಾಕ್ಟರು ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಆಸ್ಪತ್ರೆಯಿಂದ ಹೊರಗೆ ಯಾರಿಗಾದರೂ ಅವಳ ವಿವರ ಬಿಟ್ಟುಕೊಡುವುದು ಗರ್ಭಪಾತ ಕಾಯ್ದೆಯಡಿ ಶಿಕ್ಷೆಯಾಗುವ ಅಪರಾಧ. ಈ ತೀರ್ಪು ಎಲ್ಲ ಆಸ್ಪತ್ರೆಯವರಿಗೂ ನೆನಪಿರುತ್ತದೆ ಎನ್ನಲಾರೆ. ಜೊತೆಗೆ ಹೋದವರು ನೆನಪಿಸಲಿ. ಅದಕ್ಕೇ ಇಷ್ಟು ಬಿಡಿಸಿ ಬರೆದೆ.

18ಕ್ಕಿಂತ ಚಿಕ್ಕವಳಾದ್ದರಿಂದ ಗರ್ಭ ತೆಗೆಸಲು ಪೋಷಕರೊಬ್ಬರ ಲಿಖಿತ ಒಪ್ಪಿಗೆ ಬೇಕು. ಅಪ್ರಾಪ್ತ ಹುಡುಗಿಯರಿಗೆ 24 ವಾರದವರೆಗೂ ಕಾನೂನಿನಲ್ಲಿ ಅವಕಾಶವಿದೆ, 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಆದರೆ 24ರ ಲೆಕ್ಕ ಹಿಡಿದು ಕೂರಬೇಡಿ. ಎಂಟು ಒಂಬತ್ತು ವಾರದೊಳಗೆ ಹೋದರೆ ಡಾಕ್ಟರ ನಿಗಾದಲ್ಲಿ ಮಾತ್ರೆಯಲ್ಲೇ ಮುಗಿಯಬಹುದು, ತಡವಾದಷ್ಟೂ ಕಷ್ಟ ಹೆಚ್ಚು. ಒಬ್ಬ ಹಿರಿಯರಿಗೆ ಹೇಳದೆ ಈ ದಾರಿ ಮುಂದಕ್ಕೆ ಹೋಗುವುದಿಲ್ಲ. ಯಾರಿಗೆ ಎಂಬುದನ್ನು ಅವಳೇ ಆರಿಸಲಿ. ಅಮ್ಮನೇ ಆಗಬಹುದು, ಮದುವೆಯಾದ ಅಕ್ಕ, ಚಿಕ್ಕಮ್ಮ, ನಂಬಿಕೆಯ ಲೆಕ್ಚರರ್ ಆಗಬಹುದು. ಅಪ್ಪನಿಗೆ ಹೇಳುವ ಧೈರ್ಯ ಇಲ್ಲದಿದ್ದರೆ ಅಪ್ಪನಿಂದ ಶುರು ಮಾಡಬೇಕಿಲ್ಲ. ಮನೆಯಲ್ಲಿ ಹೊಡೆತ ಬಡಿತ ಆಗಬಹುದು ಎನ್ನುವ ಭಯವಿದ್ದರೆ 1098 ಮಕ್ಕಳ ಸಹಾಯವಾಣಿಗೆ ಹೇಳಿ, ಅವರು ಮಕ್ಕಳ ಕಲ್ಯಾಣ ಸಮಿತಿಯವರನ್ನು ಕರೆಸುತ್ತಾರೆ. ಅವಸರದಲ್ಲಿ ಮದುವೆ ಮಾಡಿ ಮುಗಿಸೋಣ ಎಂಬ ಮಾತು ಖಂಡಿತ ಬರುತ್ತದೆ. ಕರ್ನಾಟಕದಲ್ಲಿ 2017ರಿಂದ 18 ತುಂಬದ ಹುಡುಗಿಯ ಮದುವೆ ಆರಂಭದಿಂದಲೇ ಅಸಿಂಧು. ಅದು ಇನ್ನೊಂದು ಪ್ರಕರಣವಾಗುತ್ತದೆಯೇ ಹೊರತು ಪರಿಹಾರ ಆಗುವುದಿಲ್ಲ.

ನೀನು ಹಾಕಿದ ಆಣೆಯ ವಿಷಯ. ಅವಳ ಬೆನ್ನ ಹಿಂದೆ ಹೋಗಿ ಹೇಳಬೇಡ. ‘ನಾನು ಜೊತೆಗೆ ಬರುತ್ತೇನೆ, ಈ ವಾರದೊಳಗೆ ಒಬ್ಬರಿಗೆ ಹೇಳೋಣ, ನೀನು ಹೇಳದಿದ್ದರೆ ನಾನೇ ಮೇಡಂಗೆ ಹೇಳುತ್ತೇನೆ’ ಎಂದು ಎದುರಿಗೇ ಹೇಳು. ವಾರ ಕಳೆದರೆ ಹೇಳಿಬಿಡು. ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ ಎಂದು ಪೋಕ್ಸೊ ಕಾಯ್ದೆ ಹೇಳುವುದು ದೊಡ್ಡವರಿಗೆ. 18 ತುಂಬದ ನಿನಗೆ ಆ ಶಿಕ್ಷೆ ಇಲ್ಲ, ಹೆದರಬೇಡ. ಇದು ನಿನ್ನ ಪ್ರಾಯದವಳು ಒಬ್ಬಳೇ ಹೊರುವ ಭಾರ ಅಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ.

ಗಂಟೆಗೊಂದು ಪ್ಯಾಡ್, ಒಂಬತ್ತು ಹತ್ತು ದಿನ, ಕಣ್ಣು ಕತ್ತಲೆ. ಇದು ‘ಎಲ್ಲರಿಗೂ ಹಾಗೇ’ ಅಲ್ಲ, ತಂಗಿ. ದೊಡ್ಡವಳಾದ ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಹಜ, ಅಮ್ಮ ಹೇಳುವುದರಲ್ಲಿ ಅಷ್ಟು ನಿಜವಿದೆ. ಆದರೆ ಏಳು ದಿನ ಮೀರಿ ಹೋದರೆ, ಗಂಟೆ ಎರಡು ಗಂಟೆಗೆಲ್ಲ ಪ್ಯಾಡ್ ತೊಯ್ದರೆ ಯಾವ ವಯಸ್ಸಿನಲ್ಲೂ ತೋರಿಸಬೇಕು. ಥೈರಾಯ್ಡ್ ಇರಬಹುದು, ಅಂಡಾಶಯದ ಹಾರ್ಮೋನಿನ ಏರುಪೇರು ಇರಬಹುದು. ರಕ್ತ ಬೇಗ ಹೆಪ್ಪುಗಟ್ಟದ ತೊಂದರೆ ಕೆಲವು ಹುಡುಗಿಯರಲ್ಲಿ ಮೊದಲು ಗೊತ್ತಾಗುವುದೇ ಮುಟ್ಟಿನಲ್ಲಿ. ಹಲ್ಲುಜ್ಜುವಾಗ ರಕ್ತ ಬರುತ್ತದಾ, ಸಣ್ಣ ಪೆಟ್ಟಿಗೂ ಮೈಮೇಲೆ ನೀಲಿ ಕಲೆ ಏಳುತ್ತದಾ ಎಂದು ಡಾಕ್ಟರು ಕೇಳಬಹುದು, ನೋಡಿಟ್ಟುಕೊಂಡಿರು. ಇವಕ್ಕೆಲ್ಲ ಔಷಧಿ ಇದೆ. ಮದುವೆ ಇವುಗಳಲ್ಲಿ ಒಂದಕ್ಕೂ ಔಷಧಿ ಅಲ್ಲ. ರಕ್ತ ಕಡಿಮೆ ಇರುವ ಹುಡುಗಿ ಹಾಗೇ ಮದುವೆಯಾಗಿ ಹಾಗೇ ಬಸುರಿಯಾದರೆ ಹೆರಿಗೆಯಲ್ಲಿ ತಾಯಿಗೂ ಅಪಾಯ, ಮಗುವಿಗೂ ಅಪಾಯ.

ಜಾತ್ರೆಗೆಂದು ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ ಮನೆಯಲ್ಲಿದ್ದರೆ ಎತ್ತಿಟ್ಟುಕೋ, ಡಾಕ್ಟರಿಗೆ ತೋರಿಸಬೇಕು. ಮುಟ್ಟು ಮುಂದೂಡುವ ಮಾತ್ರೆ ಎಂದರೆ ಹಾರ್ಮೋನು. ನಿಲ್ಲಿಸಿದ ಮೇಲೆ ತಡೆದಿದ್ದೆಲ್ಲ ಬರುತ್ತದೆ, ಕೆಲವರಿಗೆ ಜಾಸ್ತಿಯೇ ಬರುತ್ತದೆ, ಮುಂದಿನ ತಿಂಗಳ ಲೆಕ್ಕವೂ ತಪ್ಪುತ್ತದೆ. ಜಾತ್ರೆ, ಗೃಹಪ್ರವೇಶ, ಮದುವೆ ಎಂದು ಮಲೆನಾಡಿನ ಮನೆಮನೆಯಲ್ಲಿ ಹೆಣ್ಣುಮಕ್ಕಳಿಗೆ ಇದನ್ನು ಪೆಪ್ಪರಮೆಂಟಿನಂತೆ ಹಂಚುತ್ತಾರೆ. ಡಾಕ್ಟರನ್ನು ಕೇಳದೆ ಇನ್ನು ಮುಂದೆ ಬೇಡ, ದೊಡ್ಡಮ್ಮ ಎಷ್ಟೇ ಪ್ರೀತಿಯಿಂದ ಕೊಟ್ಟರೂ ಬೇಡ.

ನಿನಗೆ ರಕ್ತಹೀನತೆ ಇದೆ ಎಂದೇ ನನ್ನ ಅನುಮಾನ. ನಿನ್ನ ವಯಸ್ಸಿನ ಹುಡುಗಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ಇಷ್ಟು ಇರಲಿಲ್ಲ. ಅದನ್ನು ತಡೆಯಲೆಂದೇ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಕಬ್ಬಿಣಾಂಶದ ಮಾತ್ರೆ, ಅದನ್ನು ಕಿಟಕಿಯಾಚೆ ಎಸೆಯುವ ಮಕ್ಕಳೇ ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಬಂದಂತಾಗಿರುತ್ತದೆ, ಮಲ ಕಪ್ಪಗಾದದ್ದು ನೋಡಿ ಹೆದರಿರುತ್ತಾರೆ. ಊಟವಾದ ಮೇಲೆ ನುಂಗಿದರೆ ಅಷ್ಟು ತೊಂದರೆ ಇಲ್ಲ, ಮಲ ಕಪ್ಪಾಗುವುದು ಕಬ್ಬಿಣದಿಂದ, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಚಹಾ ಕಾಫಿ ಬಿಡು, ಲಿಂಬೆಹಣ್ಣಿನ ಪಾನಕ ಕುಡಿ, ಊಟದಲ್ಲಿ ನೆಲ್ಲಿಕಾಯಿ ಇರಲಿ. ಆದರೆ ವಾರಕ್ಕೊಂದು ಮಾತ್ರೆ ರಕ್ತ ಕಡಿಮೆಯಾಗದಂತೆ ತಡೆಯಲಿಕ್ಕೆ. ಈಗಾಗಲೇ ಕಡಿಮೆಯಾಗಿದ್ದರೆ ದಿನಾ ನುಂಗಬೇಕಾಗುತ್ತದೆ, ಎಷ್ಟು ದಿನ ಎಂದು ಡಾಕ್ಟರೇ ಹೇಳಬೇಕು. ಬೀಟ್‌ರೂಟು, ಖರ್ಜೂರ ತಿಂದು ಸರಿಮಾಡಿಕೊಳ್ಳುವ ಹಂತ ನಿನ್ನದು ದಾಟಿದೆ.

ನಿನ್ನ ಮೂರು ಪ್ರಶ್ನೆಗಳಿಗೆ ಬರೋಣ.

ಒಬ್ಬಳೇ ಹೋದರೆ ನೋಡುತ್ತಾರೆ. ನಿನ್ನ ಪ್ರಾಯದವರಿಗೆಂದೇ 2014ರ ಜನವರಿ 7ರಂದು ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. 10ರಿಂದ 19 ವರ್ಷದವರಿಗೆ ಅದರಡಿಯಲ್ಲಿ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವುದೇ ‘ಸ್ನೇಹ ಕ್ಲಿನಿಕ್’. ಮುಟ್ಟಿನ ತೊಂದರೆ, ಮೊಡವೆ, ತೂಕ, ಬೇಸರ, ಪ್ರೀತಿ ಪ್ರೇಮದ ಗೊಂದಲ, ಹುಡುಗರಾದರೆ ಗುಟ್ಕಾ, ಸಿಗರೇಟು, ಕುಡಿತ, ಯಾರಿಗೂ ಹೇಳಲಾಗದ ದೇಹದ ಅನುಮಾನಗಳು, ಎಲ್ಲಕ್ಕೂ ಅಲ್ಲಿ ಆಪ್ತಸಮಾಲೋಚಕರು ಇರಬೇಕು, ಕೇಳಿದ್ದನ್ನು ಗುಟ್ಟಾಗಿ ಇಡಬೇಕು, ದುಡ್ಡು ತೆಗೆದುಕೊಳ್ಳಬಾರದು. ಎಲ್ಲ ಕಡೆಯೂ ಇದು ಬರೆದಿಟ್ಟ ಹಾಗೆ ನಡೆಯುತ್ತಿಲ್ಲ. ಗೋಡೆಯ ಮೇಲೆ ಚಂದದ ಬೋರ್ಡು ಇದ್ದು, ಕೋಣೆಗೆ ಒಂದು ಪರದೆಯೂ ಇಲ್ಲದ್ದನ್ನು ನೋಡಿ ಹೊಟ್ಟೆ ಉರಿದಿದೆ. ಪಕ್ಕದಲ್ಲಿ ಚುಚ್ಚುಮದ್ದಿಗೆ ಸಾಲು ನಿಂತಿರುವಾಗ ಯಾವ ಹುಡುಗಿ ಬಾಯಿ ಬಿಡುತ್ತಾಳೆ? ಗುಟ್ಟು ಕಾಯುವುದು ಆಸ್ಪತ್ರೆಯವರು ನಿನಗೆ ಮಾಡುವ ಉಪಕಾರ ಅಲ್ಲ, ಅದು ಚಿಕಿತ್ಸೆಯದೇ ಭಾಗ. ಹಿಮೋಗ್ಲೋಬಿನ್ ನೋಡುವ ಯಂತ್ರವಿದ್ದು ಬಾಗಿಲಿಲ್ಲದಿದ್ದರೆ ಆ ಆಸ್ಪತ್ರೆ ನಿನ್ನ ಪಾಲಿಗೆ ತೆರೆದಿಲ್ಲ ಎಂದೇ ನಾನು ಹೇಳುತ್ತೇನೆ.

ಮನೆಗೆ ಫೋನ್ ಮಾಡುವುದಿಲ್ಲ, ಮಾಡಬಾರದು. ಮಾತಾಡಲಿಕ್ಕೆ, ರಕ್ತ ಪರೀಕ್ಷೆಗೆ, ಐರನ್ ಮಾತ್ರೆಗೆ ಅಪ್ಪ ಅಮ್ಮನ ಸಹಿ ಕೇಳುವುದಿಲ್ಲ. ಅಡ್ಮಿಟ್ ಆಗಬೇಕು, ರಕ್ತ ಏರಿಸಬೇಕು, ಏನಾದರೂ ಆಪರೇಷನ್ ಬೇಕು ಎಂದಾಗ 18ರ ಕೆಳಗಿನವರಿಗೆ ಹಿರಿಯರ ಸಹಿ ಬೇಕಾಗುತ್ತದೆ. ಯಾರಾದರೂ ನಿನಗೆ ಹಿಂಸೆ ಕೊಟ್ಟಿದ್ದರೆ, ನಿನ್ನ ಜೀವಕ್ಕೆ ಅಪಾಯವಿದ್ದರೆ ಆಗಲೂ ಡಾಕ್ಟರು ಸುಮ್ಮನಿರುವಂತಿಲ್ಲ. ಉಳಿದಂತೆ ಒಳಗಿನ ಮಾತು ಒಳಗೇ ಇರಬೇಕು.

ಒಳಪರೀಕ್ಷೆ. ನೀನು ಕೊನೆಯಲ್ಲಿ ಕೇಳಿದ್ದರೂ ಹುಡುಗಿಯರನ್ನು ಮನೆಯಲ್ಲೇ ಕೂರಿಸುವ ಭಯ ಇದೇ ಎಂದು ನನಗೆ ಗೊತ್ತು. ನಿನ್ನಂಥ ತೊಂದರೆಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಕಣ್ಣಿನ ರೆಪ್ಪೆ ಬಿಡಿಸಿ ನೋಡುತ್ತಾರೆ, ಬಿಪಿ ನೋಡುತ್ತಾರೆ, ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಬಹುದು, ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ಸ್ಕ್ಯಾನ್ ಮಾಡಿದರೂ ಹೊಟ್ಟೆಯ ಮೇಲಿಂದ. ತಣ್ಣಗಿನ ಒಂದು ಜೆಲ್ ಹಚ್ಚಿ ಸಾಧನವನ್ನು ಆಡಿಸುತ್ತಾರೆ, ಅದಕ್ಕೆ ನೀರು ಕುಡಿದು ಮೂತ್ರ ತಡೆದಿರಬೇಕು, ಅಷ್ಟೇ. ಗಂಡು ಡಾಕ್ಟರು ಪರೀಕ್ಷಿಸುವುದಾದರೆ ಹೆಂಗಸು ಸಿಬ್ಬಂದಿ ಒಬ್ಬರು ಜೊತೆಗಿರಬೇಕು, ‘ಸಿಸ್ಟರ್ ಇರಲಿ’ ಎಂದು ನೀನೇ ಕೇಳಬಹುದು. ಏನು ಮಾಡುತ್ತೀರಿ, ಯಾಕೆ ಎಂದು ಕೇಳುವುದೂ ಬೇಡ ಎನ್ನುವುದೂ ನಿನ್ನ ಹಕ್ಕು.

ಈಗ ಆ ಚೀಟಿಯ ಕಿಟಕಿ. ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲರೂ ಪರಿಚಯ ಎಂದಾದರೆ ಅಲ್ಲಿಗೇ ಹೋಗು ಎಂದು ನಾನು ಬಲವಂತ ಮಾಡುವುದಿಲ್ಲ. ಸೊರಬದ ತಾಲ್ಲೂಕು ಆಸ್ಪತ್ರೆಗೆ ಹೋಗು. ಅಲ್ಲೂ ಗುರುತಿನವರು ಸಿಗುತ್ತಾರೆ ಅನ್ನಿಸಿದರೆ ಶಿಕಾರಿಪುರ ಇದೆ, ಸಾಗರ ಇದೆ. ಇಂಥ ತಾಲ್ಲೂಕಿನವರು ಇಂಥ ಆಸ್ಪತ್ರೆಗೇ ಹೋಗಬೇಕು ಎಂಬ ನಿಯಮ ಇಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಿನಗೆ ಟಿಕೆಟ್ ದುಡ್ಡು ಇಲ್ಲ. ಖಾಸಗಿ ಬಸ್ಸೇ ಹೆಚ್ಚಿರುವ ನಿಮ್ಮ ಕಡೆ ಸರ್ಕಾರಿ ಬಸ್ಸಿನ ಹೊತ್ತು ನೋಡಿಕೊಂಡು ಹೊರಡಬೇಕಾಗುತ್ತದೆ, ಅದು ಗೊತ್ತು. ಬೆಳಿಗ್ಗೆಯೇ ತಲುಪಿದರೆ ರಕ್ತ ಪರೀಕ್ಷೆಯ ರಿಪೋರ್ಟು ಅಂದೇ ಕೈಗೆ ಬರುವ ಸಂಭವ ಹೆಚ್ಚು. ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ಇಟ್ಟುಕೋ. ಕಿಟಕಿಯಲ್ಲಿ ಏನು ತೊಂದರೆ ಎಂದು ಕೇಳಿದರೆ ‘ಸುಸ್ತು, ರಕ್ತ ಪರೀಕ್ಷೆ ಮಾಡಿಸಬೇಕು’ ಎಂದರೆ ಸಾಕು. ಅದು ಸುಳ್ಳಲ್ಲ. ಮಿಕ್ಕಿದ್ದನ್ನು ಚೀಟಿ ಬರೆಯುವವರಿಗೆ ಹೇಳಬೇಕಾಗಿಲ್ಲ. ಒಳಗೆ ಹೋದ ಮೇಲೆ ಬೇರೆ ರೋಗಿಗಳು ಮೇಜಿನ ಸುತ್ತ ನಿಂತಿದ್ದರೆ ‘ಡಾಕ್ಟ್ರೇ, ಒಂದೈದು ನಿಮಿಷ ಒಬ್ಬಳೇ ಮಾತಾಡಬೇಕಿತ್ತು’ ಎನ್ನು. ಬಾಯಿಗೆ ಬರದಿದ್ದರೆ ಚೀಟಿಯ ಹಿಂಬದಿಯಲ್ಲಿ ಬರೆದು ಕೊಡು. ಈ ತಿಂಗಳು ಯಾವ ದಿನ ಶುರುವಾಯಿತು, ಯಾವ ದಿನ ನಿಂತಿತು, ದಿನಕ್ಕೆ ಎಷ್ಟು ಪ್ಯಾಡ್ ಎಂದು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದು ಒಯ್ದರೆ ಅರ್ಧ ಮಾತು ಅದೇ ಆಡುತ್ತದೆ.

ಆದರೆ ಕಾಲೇಜು ತಪ್ಪಿಸಿ, ಊರು ದಾಟಿ, ಮುಖ ಮುಚ್ಚಿಕೊಂಡು ಹುಡುಗಿಯೊಬ್ಬಳು ರಕ್ತ ಪರೀಕ್ಷೆಗೆ ಹೋಗಬೇಕಾಗಿರುವುದು ನನಗೆ ತಡೆಯಲಾರದ ಬೇಸರ. ನಿಮ್ಮ ತಾಲ್ಲೂಕಿನ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ, 1957ರಲ್ಲಿ ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು ಅಲ್ಲಿನ ಕಾಡಿನಲ್ಲಿ. ಇವತ್ತಿಗೂ ಕಾಡಿನಲ್ಲಿ ಮಂಗ ಸತ್ತುಬಿದ್ದರೆ ದನ ಕಾಯುವ ಹುಡುಗನೂ ಬಂದು ಹೇಳುತ್ತಾನೆ, ಆಶಾ ಅಕ್ಕ ಮನೆಮನೆಗೆ ಬಂದು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಕೊಡುತ್ತಾಳೆ, ಜ್ವರ ಬಂದವರ ರಕ್ತ ಶಿವಮೊಗ್ಗಕ್ಕೆ ಹೋಗುತ್ತದೆ. ಯಾರೂ ನಾಚುವುದಿಲ್ಲ, ಯಾರೂ ಕಥೆ ಕಟ್ಟುವುದಿಲ್ಲ. ಅಷ್ಟು ಗಟ್ಟಿಯಾದ ಏರ್ಪಾಡು ನಿಮ್ಮ ಊರುಗಳಲ್ಲಿ ಆಗಲೇ ಇದೆ. ಅದೇ ಆಶಾ ಅಕ್ಕ, ಅದೇ ಆರೋಗ್ಯ ಕೇಂದ್ರ, ಅದೇ ರಕ್ತ ತೆಗೆಯುವ ಸೂಜಿ. ಹುಡುಗಿಯ ಮುಟ್ಟಿನ ವಿಷಯಕ್ಕೆ ಬಂದಾಗ ಮಾತ್ರ ಊರೆಲ್ಲ ಬೇರೆಯಾಗಿಬಿಡುತ್ತದೆ.

ಹೊರರೋಗಿ ವಿಭಾಗ ನಡೆಯುವುದು ಬೆಳಿಗ್ಗೆಯಿಂದ ಸಂಜೆಯವರೆಗೆ ಎಂದರೆ ಅದು ನಿನ್ನ ಕಾಲೇಜಿನ ಹೊತ್ತೇ. ಕಾಲೇಜು ಬಿಟ್ಟ ಮೇಲೆ ವಾರಕ್ಕೆ ಒಂದು ದಿನ, ಬಾಗಿಲು ಹಾಕಿದ ಕೋಣೆಯಲ್ಲಿ, ಒಬ್ಬ ಸಮಾಲೋಚಕಿ ಸಿಕ್ಕರೆ ಸಾಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯೋಜನೆಯೂ ಬೇಡ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಆಗುತ್ತದೆ, 18 ತುಂಬುವವರೆಗೆ ನೀನೂ ಅಲ್ಲಿ ಮಾತಾಡಬಹುದು. ನಿನ್ನ ಕಾಯಿಲೆ ಹೇಳಬೇಕಿಲ್ಲ. ಕಾಲೇಜಿನ ಶೌಚಾಲಯಕ್ಕೆ ನೀರು ಬೇಕು, ಸ್ನೇಹ ಕ್ಲಿನಿಕ್ ಯಾವ ವಾರ ಯಾವ ಹೊತ್ತು ಎಂದು ನೋಟಿಸ್ ಬೋರ್ಡಿಗೆ ಹಾಕಬೇಕು ಎಂದು ನಾಲ್ಕು ಹುಡುಗಿಯರು ಸೇರಿ ಬರೆದುಕೊಟ್ಟರೆ ಪಿಡಿಒ ಅದನ್ನು ದಾಖಲಿಸಿಕೊಳ್ಳಬೇಕು. ಮೊದಲು ಹುಷಾರಾಗು, ಆಮೇಲೆ ಇದು.

ನಿದ್ದೆ ಬಾರದ್ದು, ಅಳು. ರಕ್ತ ಕಡಿಮೆಯಾದರೆ ಮನಸ್ಸೂ ಸೋಲುತ್ತದೆ, ಥೈರಾಯ್ಡ್ ಇದ್ದರೂ ಹಾಗೆಯೇ. ಅದರ ಮೇಲೆ ಗೆಳತಿಯ ಗುಟ್ಟು ಬೇರೆ ಹೊತ್ತಿದ್ದೀಯ. ಇವೆರಡೂ ಹಗುರಾದ ಮೇಲೂ ಹೋಗದಿದ್ದರೆ ಅದಕ್ಕೂ ಜನ ಇದ್ದಾರೆ. 14416 ಟೆಲಿಮಾನಸ್ ಸಹಾಯವಾಣಿ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ಮನೆಯಲ್ಲಿ ಇರುವುದು ಒಂದೇ ಫೋನ್, ಅದೂ ಅಣ್ಣನ ಕೈಯಲ್ಲಿ ಎನ್ನುವ ಹುಡುಗಿಯರು ನನಗೆ ಬರೆಯುತ್ತಲೇ ಇರುತ್ತಾರೆ. ಹಾಗಿದ್ದರೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಜಿಲ್ಲೆಯಿಂದ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಎಂದು ರಕ್ತ ಪರೀಕ್ಷೆಗೆ ಹೋದ ದಿನವೇ ಕೇಳಿಕೊಂಡು ಬಾ. ಸಾಯಬೇಕು ಎಂಬ ಯೋಚನೆ ಒಮ್ಮೆ ಬಂದಿದ್ದರೂ ಮಂಗಳವಾರದವರೆಗೆ ಕಾಯಬೇಡ, ಯಾರ ಫೋನಾದರೂ ಸರಿ, ಅಂದೇ ಮಾತಾಡು.

ಕೊನೆಗೆ ಅಮ್ಮ. ಅಮ್ಮನನ್ನು ಬಿಟ್ಟು ಹೋಗುವ ದಾರಿಯನ್ನೇ ಇಷ್ಟು ಹೊತ್ತು ಹೇಳಿದೆ. ಆದರೆ ನಿನ್ನ ಅಮ್ಮ ಕೆಟ್ಟವರೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಅವರಮ್ಮ ಹೇಳಿದ್ದನ್ನೇ ಅವರು ನಿನಗೆ ಹೇಳುತ್ತಿದ್ದಾರೆ. ಒಂದು ದಿನ ಸೊರಬಕ್ಕೆ ಹೋದರೆ ಒಂದು ದಿನದ ಕೂಲಿ ಹೋಯಿತು, ಮಗಳ ಹೆಸರಿಗೆ ಏನಾದರೂ ಅಂಟಿಕೊಂಡರೆ ನಾಳೆ ನೆಂಟಸ್ತಿಕೆಗೆ ತೊಡಕು, ಈ ಲೆಕ್ಕ ಅವರ ತಲೆಯಲ್ಲಿದೆ. ‘ಮುಟ್ಟಿನ ತೊಂದರೆ’ ಎನ್ನಬೇಡ, ‘ಅಮ್ಮ, ಕಾಲೇಜಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ, ರಕ್ತ ಕಡಿಮೆ ಇರಬೇಕು, ಪರೀಕ್ಷೆ ಮಾಡಿಸೋಣ’ ಎನ್ನು. ಮಗಳಿಗೆ ಕಣ್ಣು ಕತ್ತಲೆ ಬಂತು ಎಂದರೆ ಯಾವ ತಾಯಿಯೂ ಎದ್ದು ನಿಲ್ಲುತ್ತಾಳೆ. ಅದಕ್ಕೂ ಒಪ್ಪದಿದ್ದರೆ ಗೆಳತಿಯ ಭಾಗ ಅವರ ಕಣ್ಣಿಗೆ ಬೀಳದಂತೆ, ಈ ಪುಟದಿಂದ ಕೆಳಗಿನ ನಾಲ್ಕು ಸಾಲು ಮಾತ್ರ ಕತ್ತರಿಸಿ ಅವರ ಕೈಗೆ ಕೊಡು.

ಅಮ್ಮ, ನಮಸ್ಕಾರ. ನಿಮ್ಮ ಮಗಳಿಗೆ ಆಗುತ್ತಿರುವುದು ಔಷಧಿಯಿಂದ ವಾಸಿಯಾಗುವ ತೊಂದರೆ, ಆದರೆ ತಾನಾಗಿ ವಾಸಿಯಾಗುವುದಲ್ಲ. ಶುಂಠಿ ಕೆಲಸ, ಅಡಿಕೆ ಸುಲಿಯುವುದು ಇಲ್ಲದ ಒಂದು ದಿನ ನೋಡಿ ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರು ಅವಳನ್ನು ಮಾತಾಡಿಸುವಾಗ ಐದು ನಿಮಿಷ ನೀವು ಹೊರಗೆ ಕೂತಿರಿ, ಮಕ್ಕಳು ಹೆತ್ತವರ ಎದುರು ಹೇಳದ್ದನ್ನು ಡಾಕ್ಟರಿಗೆ ಹೇಳುತ್ತಾರೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ ಇದೆ, ನಿಮಗೂ ಇರಬಹುದು. ಅವಳ ಬೆರಳು ಚುಚ್ಚುವಾಗ ನಿಮ್ಮ ಬೆರಳನ್ನೂ ಕೊಟ್ಟು ಹಿಮೋಗ್ಲೋಬಿನ್ ನೋಡಿಸಿಕೊಂಡು ಬನ್ನಿ.